ಭೂಕಂಪ ನಿರೋಧಕ ಕಟ್ಟಡಗಳಿಗೆ ನಾರು ಕಾಂಕ್ರೀಟ್: ಏನಿದು, ಎಷ್ಟು ಉಪಯುಕ್ತ?

ಶಿವಮೊಗ್ಗ: 2021ರ ಜನವರಿ 21ರ ರಾತ್ರಿ ಕೇಳಿಬಂದ ಭಾರಿ ಸದ್ದಿಗೆ ಶಿವಮೊಗ್ಗ ಮತ್ತು ಸುತ್ತಲಿನ ಜನ ಭೂಕಂಪವೆಂದೇ ಭಾವಿಸಿ ಮನೆಗಳಿಂದ ಹೊರಗೆ ಓಡಿಬಂದಿದ್ದರು. ಅದು ಹುಣಸೋಡು ಬಳಿ ಕಲ್ಲುಕ್ವಾರಿಗೆ ತಂದಿದ್ದ ಸ್ಫೋಟಕದ ದುರಂತ ಎಂಬುದು ಆ ಬಳಿಕ ತಿಳಿಯಿತು. ಆದರೆ ಅಂದು ಮನೆಮನೆಯಲ್ಲೂ ಎದ್ದ ಪ್ರಶ್ನೆ ಇಂದಿಗೂ ಪ್ರಸ್ತುತ: ನಿಜಕ್ಕೂ ಭೂಮಿ ಕಂಪಿಸಿದರೆ ನಮ್ಮ ಮನೆ ತಡೆದೀತೇ? ಬಿ.ಎಚ್. ರಸ್ತೆಯ ಮಲವಗೊಪ್ಪದಂತಹ ನಗರದಂಚಿನ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ಈ ಚರ್ಚೆಯಲ್ಲಿ ಕೇಳಿಬರುವ ಹೆಸರುಗಳಲ್ಲಿ ಒಂದು ನಾರು ಬಲವರ್ಧಿತ ಕಾಂಕ್ರೀಟ್, ಅಂದರೆ ಫೈಬರ್ ಕಾಂಕ್ರೀಟ್.

ಕಡಿಮೆ ಅಪಾಯ ಎಂದರೆ ಅಪಾಯವಿಲ್ಲ ಎಂದಲ್ಲ

ಭಾರತೀಯ ಮಾನಕ ಸಂಹಿತೆ ಐಎಸ್ 1893ರ 2002 ಮತ್ತು 2016ರ ಆವೃತ್ತಿಗಳು ದೇಶವನ್ನು 2ರಿಂದ 5ರವರೆಗಿನ ನಾಲ್ಕು ಭೂಕಂಪ ವಲಯಗಳಾಗಿ ವಿಂಗಡಿಸಿದವು. ಬೆಂಗಳೂರು, ಚಿತ್ರದುರ್ಗ ಸೇರಿದಂತೆ ಕರ್ನಾಟಕದ ಒಳನಾಡಿನ ಬಹುಭಾಗ ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿಯೂ, ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರಗಳು 3ನೇ ವಲಯದಲ್ಲಿಯೂ ಬಂದವು. ಆದರೆ 1993ರ ಸೆಪ್ಟೆಂಬರ್ 30ರಂದು ಬೀದರ್ ಗಡಿಗೆ ಹೊಂದಿದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ಪಡೆದ ಭೂಕಂಪ ಸಂಭವಿಸಿದಾಗ, ಆ ಪ್ರದೇಶ ಅಂದಿನ ನಕ್ಷೆಯ ಅತಿ ಸುರಕ್ಷಿತ 1ನೇ ವಲಯದಲ್ಲಿತ್ತು ಎಂಬುದು ಮರೆಯಲಾಗದ ಪಾಠ. 2002ರಲ್ಲಿ 1ನೇ ವಲಯವನ್ನೇ ಕೈಬಿಡಲಾಯಿತು.

ನಾರು ಮಾಡುವ ಕೆಲಸ

ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಎಳೆತವನ್ನು ತಾಳುವ ಅದರ ಶಕ್ತಿ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಒಮ್ಮೆ ಬಿರುಕು ಬಿಟ್ಟರೆ ತಟ್ಟನೆ ಒಡೆಯುವುದು ಅದರ ಸ್ವಭಾವ. ಮಿಶ್ರಣದಲ್ಲಿ ಎಲ್ಲೆಡೆ ಹರಡಿರುವ ಸಣ್ಣ ನಾರುಗಳು ಬಿರುಕಿನ ಎರಡೂ ಬದಿಗಳನ್ನು ಸೇತುವೆಯಂತೆ ಹಿಡಿದಿಡುತ್ತವೆ. ಬಿರುಕು ಅಗಲವಾಗಬೇಕಾದರೆ ಈ ನಾರುಗಳು ಕಿತ್ತು ಬರಬೇಕು. ಹಾಗೆ ಕಿತ್ತು ಬರುವಾಗ ಕಂಪನದ ಶಕ್ತಿಯ ಒಂದಂಶ ವ್ಯಯವಾಗುತ್ತದೆ. ಕಟ್ಟಡ ಹಠಾತ್ತನೆ ಕುಸಿಯದೆ ಬಾಗಿ ತಡೆದರೆ ಒಳಗಿದ್ದವರಿಗೆ ಹೊರಬರಲು ಕಾಲಾವಕಾಶ ಸಿಗುತ್ತದೆ. ಇದೇ ಇದರ ಮುಖ್ಯ ಪ್ರಯೋಜನ.

ನಾರುಗಳಲ್ಲಿ ಹಲವು ಬಗೆ. ಭೂಕಂಪ ನಿರೋಧಕ್ಕೆ ಹೆಚ್ಚು ಅಧ್ಯಯನವಾಗಿರುವುದು ಉಕ್ಕಿನ ನಾರು. ಸಾಮಾನ್ಯವಾಗಿ 30ರಿಂದ 60 ಮಿ.ಮೀ. ಉದ್ದದ, ತುದಿ ಬಾಗಿದ ಎಳೆಗಳನ್ನು ಬಳಸಲಾಗುತ್ತದೆ. ಗಾತ್ರದಲ್ಲಿ ಶೇ 1ರಷ್ಟು ಎಂದರೆ ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 78 ಕೆ.ಜಿ. ಉಕ್ಕು. ಪಾಲಿಪ್ರೊಪಿಲೀನ್‌ನ ಸೂಕ್ಷ್ಮ ನಾರನ್ನು ಘನ ಮೀಟರಿಗೆ 1 ಕೆ.ಜಿ.ಗೂ ಕಡಿಮೆ ಬಳಸುವುದು ವಾಡಿಕೆ. ಅದು ಕಾಂಕ್ರೀಟ್ ಒಣಗುವಾಗ ಬೀಳುವ ಸಣ್ಣ ಬಿರುಕುಗಳನ್ನು ತಡೆಯುತ್ತದೆಯೇ ಹೊರತು ಭೂಕಂಪಕ್ಕೆ ಉತ್ತರವಲ್ಲ.

ಎಲ್ಲಿ ಉಪಯುಕ್ತ?

ಕಂಬ ಮತ್ತು ಬೀಮ್ ಕೂಡುವ ಜಾಗ ಭೂಕಂಪದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುತ್ತದೆ. ಅಲ್ಲಿ ಕಂಬಿಗಳು ಒತ್ತೊತ್ತಾಗಿ ಸೇರುವುದರಿಂದ ಕಾಂಕ್ರೀಟ್ ಸರಿಯಾಗಿ ಇಳಿಯುವುದೇ ಕಷ್ಟ. ಇಂತಹ ಕೂಡುಗಳಲ್ಲಿ ಉಕ್ಕಿನ ನಾರು ಬಳಸಿ ರಿಂಗ್‌ಗಳ ಸಂಖ್ಯೆಯನ್ನು ಕಡಿಮೆ ಮಾಡುವ ಪ್ರಯೋಗಗಳು 1970ರ ದಶಕದಿಂದಲೇ ನಡೆದಿವೆ. ಅಮೆರಿಕದ ಸಿಯಾಟಲ್‌ನಲ್ಲಿ 24 ಅಂತಸ್ತಿನ ವಸತಿ ಕಟ್ಟಡವೊಂದರ ಗೋಡೆಗಳನ್ನು ಬೆಸೆಯುವ ಬೀಮ್‌ಗಳಿಗೆ ಉಕ್ಕಿನ ನಾರಿನ ಕಾಂಕ್ರೀಟ್ ಬಳಸಲಾಗಿದೆ. ಜಪಾನಿನ ಬಹುಮಹಡಿ ಕಟ್ಟಡಗಳಲ್ಲಿಯೂ ಇಂತಹ ಬಳಕೆ ಆಗಿದೆ. ನಮ್ಮಲ್ಲಿ ಇದು ಹೆಚ್ಚಾಗಿ ಕಾಣುವುದು ಕಾರ್ಖಾನೆಗಳ ನೆಲ, ಸುರಂಗಗಳ ಒಳಪದರ ಹಾಗೂ ಮ್ಯಾನ್‌ಹೋಲ್ ಮುಚ್ಚಳಗಳಲ್ಲಿ.

ಕಂಬಿಗೆ ಪರ್ಯಾಯವಲ್ಲ

ನಾರು ಹಾಕಿದ್ದೇವೆ ಎಂದು ಕಂಬಿ ಅಥವಾ ರಿಂಗ್ ಕಡಿಮೆ ಮಾಡುವುದು ಸಾಮಾನ್ಯ ಮನೆಗಳಲ್ಲಿ ಅಪಾಯಕಾರಿ. ವಿದೇಶಗಳಲ್ಲಿ ಹಾಗೆ ಮಾಡಿರುವುದು ಪರೀಕ್ಷೆ ಮತ್ತು ವಿಶೇಷ ವಿನ್ಯಾಸದ ಆಧಾರದ ಮೇಲೆ ಮಾತ್ರ. ಐಎಸ್ 13920ರ ಪ್ರಕಾರ ರಿಂಗ್‌ನ ತುದಿಗಳನ್ನು 135 ಡಿಗ್ರಿ ಬಾಗಿಸಿ ಒಳಗಿನ ಕಾಂಕ್ರೀಟಿಗೆ ಸೇರಿಸಬೇಕು. 90 ಡಿಗ್ರಿಗೆ ಬಾಗಿಸಿದ ರಿಂಗ್ ಕಂಪನದಲ್ಲಿ ಬಿಚ್ಚಿಕೊಳ್ಳುತ್ತದೆ. 2016ರ ಆವೃತ್ತಿ ಈ ನಿಯಮಗಳನ್ನು 3 ಮತ್ತು ಮೇಲಿನ ವಲಯಗಳಿಗೆ ಅನ್ವಯಿಸಿತು. ಹೀಗಾಗಿ 2ನೇ ವಲಯದಲ್ಲಿ ಇವುಗಳ ಪಾಲನೆ ಬಹುಮಟ್ಟಿಗೆ ಮನೆ ಕಟ್ಟಿಸುವವರ ಎಚ್ಚರಿಕೆಗೇ ಬಿಟ್ಟ ವಿಷಯವಾಯಿತು. ಆದರೆ ಇದಕ್ಕೆ ತಗಲುವ ಹೆಚ್ಚುವರಿ ಕಬ್ಬಿಣ ಅತ್ಯಲ್ಪ.

ಕೆಳ ಅಂತಸ್ತನ್ನು ವಾಹನ ನಿಲುಗಡೆಗೆಂದು ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಲ್ಲಿಸಿದ ಅನೇಕ ಕಟ್ಟಡಗಳು 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ, ಭುಜ್‌ನಿಂದ ಬಹುದೂರದ ಅಹಮದಾಬಾದ್‌ನಲ್ಲಿಯೂ ಕುಸಿದವು. ಇಂತಹ ವಿನ್ಯಾಸದ ದೋಷವನ್ನು ಯಾವ ನಾರೂ ಸರಿಪಡಿಸಲಾರದು.

ಬಳಸುವಾಗ ಗಮನಿಸಬೇಕಾದದ್ದು

ನಾರನ್ನು ಒಮ್ಮೆಗೇ ಸುರಿದರೆ ಉಂಡೆಗಟ್ಟುತ್ತದೆ. ಮಿಕ್ಸರ್ ತಿರುಗುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ನಾರು ಸೇರಿದ ಮಿಶ್ರಣ ಗಟ್ಟಿಯಾಗಿ ತೋರುವುದರಿಂದ ಮೇಸ್ತ್ರಿಗಳು ನೀರು ಸೇರಿಸಲು ಮುಂದಾಗುವುದುಂಟು. ಹೆಚ್ಚುವರಿ ನೀರು ಕಾಂಕ್ರೀಟಿನ ಬಲವನ್ನೇ ಕುಗ್ಗಿಸುತ್ತದೆ. ಬದಲಿಗೆ ಸೂಕ್ತ ಪ್ರಮಾಣದಲ್ಲಿ ಪ್ಲಾಸ್ಟಿಸೈಸರ್ ರಾಸಾಯನಿಕ ಬಳಸಬೇಕು. ನಾರಿನ ಬಗೆ ಮತ್ತು ಪ್ರಮಾಣವನ್ನು ರಚನಾ ಎಂಜಿನಿಯರ್ ನಿರ್ಧರಿಸಬೇಕೇ ಹೊರತು ಅಂಗಡಿಯವರಲ್ಲ.

ಸರಿಯಾದ ವಿನ್ಯಾಸ, ಸರಿಯಾಗಿ ಬಾಗಿಸಿದ ರಿಂಗ್, ಸಾಕಷ್ಟು ಕ್ಯೂರಿಂಗ್ ಮೊದಲು, ನಾರು ನಂತರ. ಈ ಕ್ರಮ ತಪ್ಪಿದರೆ ನಾರಿಗೆ ತೆತ್ತ ಹಣ ವ್ಯರ್ಥ.