ಎರಡು ಪೈಸೆಯ ದಾಸೋಹ: ಕುದ್ಮುಲ್ ರಂಗರಾಯರ ಬದುಕು ಕಲಿಸಿದ ಪಾಠ



ಅರಿವು ಆಚಾರವಾಗದಿದ್ದರೆ ಅದು ಬರಿಯ ಮಾತಿನ ಭಾರ. ಇದನ್ನು ಹಲವು ವರ್ಷ ಪರರಿಗೆ ಹೇಳಿಕೊಂಡು ಬಂದ ನನಗೆ ಅದರ ತಿರುಳು ತಿಳಿದದ್ದು ಮಂಗಳೂರಿನ ವಕೀಲರೊಬ್ಬರ ಜೀವನಚರಿತ್ರೆಯಿಂದ.

ಮೈಸೂರಿನ ರಾಜೀವನಗರದಲ್ಲಿ ಸಂಜೆಯ ಹೊತ್ತು ಕೆಲವು ಮಕ್ಕಳಿಗೆ ಕನ್ನಡ ಪಾಠ ಹೇಳುವುದು ನನ್ನ ರೂಢಿ. ಅವರಲ್ಲಿ ಚುರುಕಾಗಿದ್ದ ಹುಡುಗನೊಬ್ಬ ಒಮ್ಮೆ ವಾರಗಟ್ಟಲೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕಾಗ, ಓದಿನಲ್ಲಿ ಶ್ರದ್ಧೆಯಿಲ್ಲದವನೆಂದು ಎಲ್ಲರೆದುರು ಗದರಿಸಿದೆ. ಅವನು ತಲೆ ತಗ್ಗಿಸಿ ನಿಂತನೇ ಹೊರತು ಮರುಮಾತಾಡಲಿಲ್ಲ. ತಂದೆಗೆ ಕಾಲಿಗೆ ಪೆಟ್ಟಾಗಿ, ಸಂಜೆಯ ತರಕಾರಿ ಗಾಡಿಯನ್ನು ಅವನೇ ತಳ್ಳುತ್ತಿದ್ದನೆಂಬುದು ಆಮೇಲೆ ತಿಳಿಯಿತು. ಆ ದಿನಗಳಲ್ಲಿಯೇ ಕುದ್ಮುಲ್ ರಂಗರಾಯರ ಚರಿತ್ರೆ ನನ್ನ ಕೈಸೇರಿತ್ತು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದ ಅವರು, ಅಲ್ಪವೇತನದ ಶಿಕ್ಷಕರಾಗಿ ದುಡಿಯುತ್ತಲೇ ಓದಿ ವಕೀಲರಾದರು. ಬಡವರ ಪರವಾಗಿ ನ್ಯಾಯಾಲಯದಲ್ಲಿ ನಿಂತು ಹೆಸರು ಗಳಿಸಿದರು. ಅಷ್ಟಕ್ಕೇ ತೃಪ್ತರಾಗಿದ್ದರೆ ಅವರದು ಸುಖಜೀವನವಾಗುತ್ತಿತ್ತು. ಆದರೆ ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಅವರಿಗಾಗಿಯೇ ಶಾಲೆಗಳನ್ನು ತೆರೆಯಲು ಮುಂದಾದ ರಾಯರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪಾಠ ಹೇಳಲು ಮೇಲ್ಜಾತಿಯವರು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು.

ಶಾಲೆ ತೆರೆದರೂ ಮಕ್ಕಳು ಬರುವುದು ಸುಲಭವಿರಲಿಲ್ಲ. ಕೂಲಿಗೆ ಹೋಗುವ ಮಗು ಶಾಲೆಗೆ ಬಂದರೆ ಮನೆಯ ಅಂದಿನ ಗಂಜಿಗೆ ಕೊರತೆ. ರಾಯರು ತಂದೆತಾಯಿಗಳನ್ನು ದೂಷಿಸಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ 2 ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸಗಳನ್ನೂ ಕಲಿಸುವ ಏರ್ಪಾಡು ಮಾಡಿದರು.

ಈ ಎರಡು ಪೈಸೆಯ ಪುಟದಲ್ಲಿ ನಾನು ಬಹಳ ಹೊತ್ತು ನಿಂತುಬಿಟ್ಟೆ. ನಾನು ಹುಡುಗನ ಶ್ರದ್ಧೆಯನ್ನು ಅಳೆದಿದ್ದೆ. ರಾಯರು ಅಂಥ ಮಗುವಿನ ಮನೆಯ ಹಸಿವನ್ನು ಅಳೆದಿದ್ದರು. ಕೊಡುವವನು ಎತ್ತರದಲ್ಲಿ ನಿಂತು ಕೊಟ್ಟರೆ ಅದು ದಾನ; ಪಡೆಯುವವರ ಕಷ್ಟವನ್ನು ತಿಳಿದು, ಅವರ ಮಾನಕ್ಕೆ ಕುಂದು ಬಾರದಂತೆ ಸಲ್ಲಿಸಿದರೆ ಅದು ದಾಸೋಹ.

ರಾಯರ ನಡೆ ಮನೆಯ ಹೊಸ್ತಿಲಲ್ಲಿಯೂ ನಿಲ್ಲಲಿಲ್ಲ. ವಿಧವೆಯಾಗಿದ್ದ ಮಗಳು ರಾಧಾಬಾಯಿಯವರನ್ನು 1912ರಲ್ಲಿ ಅನ್ಯಜಾತಿಯ ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಈ ಅಳಿಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನರಾದರು. ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮಧುವರಸ, ಹರಳಯ್ಯನವರು ಮಕ್ಕಳ ವಿವಾಹಕ್ಕಾಗಿ ಕಲ್ಯಾಣದಲ್ಲಿ ತೆತ್ತ ಬೆಲೆಯನ್ನು ಬಲ್ಲ ನಮಗೆ, ಇಂಥ ಹೆಜ್ಜೆಯ ತೂಕವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಕಡೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದ ರಾಯರು 1928ರ ಜನವರಿ 30ರಂದು ದೇಹಬಿಟ್ಟರು. ತಮ್ಮ ಅಂತ್ಯಕ್ರಿಯೆಯನ್ನು ದಲಿತ ಬಂಧುಗಳೇ ನೆರವೇರಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಊರ ರಸ್ತೆಯಲ್ಲಿ ಕಾರಿನಲ್ಲಿ ಸಾಗುವಾಗ ಎದ್ದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಬಯಸಿದ್ದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ಗೌರವದಿಂದ ಸ್ಮರಿಸಿದರು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ರಾಯರು ಅಗಲಿ 22 ವರ್ಷಗಳಾಗಿದ್ದವು. ಕಾನೂನು ಬರುವ ತನಕ ಅವರು ಕಾದಿರಲಿಲ್ಲ.

ಆ ಹುಡುಗನ ಮನೆಗೆ ಹೋಗಿ, ಅವನ ತಂದೆಯ ಎದುರಿನಲ್ಲಿಯೇ ತಪ್ಪೊಪ್ಪಿಕೊಂಡೆ. ಈಗ ಪಾಠ ಬೆಳಗಿನ ಆರು ಗಂಟೆಗೆ. ಬೇಗ ಏಳುವುದು ನನಗೆ ಕಷ್ಟವೇ. ಆದರೆ ಅವನು ನನಗಿಂತ ಮೊದಲೇ ಬಂದು ಬಾಗಿಲ ಬಳಿ ಕುಳಿತಿರುತ್ತಾನೆ. ನಮ್ಮ ನಮ್ಮ ನೆರೆಯಲ್ಲಿ ಯಾವ ಮಗು ಏಕೆ ಬರಲಿಲ್ಲವೆಂದು ಕೇಳಿ ತಿಳಿಯೋಣ, ಗದರಿಸುವುದು ಆಮೇಲಿರಲಿ.