ವೈಲ್ಡ್‌ಕ್ಯಾಟ್ ಮ್ಯಾಗ್ನಮ್: ಪಟ್ಟಿ ಕಟ್ಟಿದ ತೋಟಾಗಳು

ಯಾವ ಕಾರ್ಖಾನೆಯ ಕ್ಯಾಟಲಾಗಿನಲ್ಲೂ ಇಲ್ಲದ, ಕೋವಿ ಕೆಲಸದವರೋ ಹವ್ಯಾಸಿಗಳೋ ಬೇರೊಂದು ತೋಟಾದ ಹಿತ್ತಾಳೆ ಕೇಸನ್ನು ತಿದ್ದಿ ಮಾಡಿಕೊಂಡ ತೋಟಾಕ್ಕೆ ಅಮೆರಿಕದಲ್ಲಿ ‘ವೈಲ್ಡ್‌ಕ್ಯಾಟ್’ ಎನ್ನುತ್ತಾರೆ. ‘ಮ್ಯಾಗ್ನಮ್’ ಎಂದರೆ ಅದೇ ಗಾತ್ರದ ಗುಂಡಿನ ಹಿಂದೆ ಮಾಮೂಲಿಗಿಂತ ಹೆಚ್ಚು ಮದ್ದು. ಎಷ್ಟು ಹೆಚ್ಚು ಎಂಬುದಕ್ಕೆ ಲೆಕ್ಕವಿಲ್ಲ. ದೊಡ್ಡ ವೈನ್ ಬಾಟಲಿಯ ಹೆಸರನ್ನು ತೋಟಾಕ್ಕೆ ಅಂಟಿಸಿದ್ದರಲ್ಲಿ ಜಾಹೀರಾತಿನ ಪಾಲೇ ಜಾಸ್ತಿ.

ತಾಯಿ ತೋಟಾ

ಬಫಲೋ ನಗರದ ವಕೀಲ ಚಾರ್ಲ್ಸ್ ನ್ಯೂಟನ್ 1913ರ ಹೊತ್ತಿಗೇ .30 ನ್ಯೂಟನ್ ಎಂಬ ದಪ್ಪ ತೋಟಾ ರೂಪಿಸಿದ್ದ. ಆದರೆ ಪಟ್ಟಿ ಕಟ್ಟಿದ ವೈಲ್ಡ್‌ಕ್ಯಾಟುಗಳ ಸಂತಾನ ಬೆಳೆದದ್ದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ .375 (1912) ಮತ್ತು .300 (1925) ಮ್ಯಾಗ್ನಮ್‌ಗಳಿಂದ. ಇವುಗಳ ಭುಜ, ಅಂದರೆ ಕೇಸು ಕಿರಿದಾಗಿ ಕತ್ತಿಗೆ ಸೇರುವ ಭಾಗ, ಬಹಳ ಇಳಿಜಾರು. ಕೋವಿಯಲ್ಲಿ ತೋಟಾ ಕೂರುವ ಗೂಡಾದ ಚೇಂಬರಿಗೆ ತೋಟಾ ಸಲೀಸಾಗಿ ಜಾರುತ್ತಿತ್ತು, ಆದರೆ ತೋಟಾವನ್ನು ಸರಿಯಾದ ಜಾಗದಲ್ಲಿ ತಡೆದು ನಿಲ್ಲಿಸಲು ಅಂಥ ಭುಜವನ್ನು ನಂಬುವಂತಿರಲಿಲ್ಲ. ಅದಕ್ಕೇ ಬುಡದಲ್ಲೊಂದು ಉಬ್ಬು ಪಟ್ಟಿ ಇಟ್ಟರು. 1935ರಲ್ಲಿ ಕ್ಯಾಂಪ್ ಪೆರಿಯ 1,000 ಗಜದ ಗುರಿ ಸ್ಪರ್ಧೆಯ ವಿಂಬಲ್ಡನ್ ಕಪ್ಪನ್ನು ಬೆನ್ ಕಮ್‌ಫರ್ಟ್ .300ರಿಂದ ಗೆದ್ದ ಮೇಲಂತೂ ಅಮೆರಿಕದ ಗುರಿಕಾರರ ಕಣ್ಣೆಲ್ಲ ಅದರ ಮೇಲೆ.

ಭುಜ ಎತ್ತಿದವರು

ಕ್ಯಾಲಿಫೋರ್ನಿಯಾದ ರಾಯ್ ವೆದರ್‌ಬಿ 1940ರ ದಶಕದಲ್ಲಿ ಇದೇ ಕೇಸಿನ ಮೈಯನ್ನು ನೇರ ಮಾಡಿ, ಭುಜ ಎತ್ತಿ, ಮದ್ದಿಗೆ ಜಾಗ ಹೆಚ್ಚಿಸಿದ. ಉಪಾಯ ಸರಳ. ಕೋವಿಯ ಚೇಂಬರನ್ನು ಹೊಸ ಆಕಾರಕ್ಕೆ ಕೊರೆದು, ಮಾಮೂಲಿ .300 ತೋಟಾವನ್ನೇ ತುಂಬಿ ಒಂದು ಈಡು ಹೊಡೆಯುವುದು. ಬಿಸಿ ಅನಿಲದ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಹೊರಗೆ ಬೀಳುವ ಖಾಲಿ ಕೇಸು ಹೊಸ ಅಚ್ಚಿನದು. ಆ ಮೊದಲ ಈಡಿಗೆ ತೋಟಾವನ್ನು ಅಲ್ಲಾಡದಂತೆ ಹಿಡಿಯುವುದು ಬುಡದ ಪಟ್ಟಿಯೇ. ಕೋವಿ ಕೆಲಸದ ಪಿ. ಒ. ಆಕ್ಲಿಯೂ ಹಲವು ತೋಟಾಗಳನ್ನು ಹೀಗೆ ಉಬ್ಬಿಸಿದ. ಕೇಸು ದೊಡ್ಡದಾದಷ್ಟೂ ಲಾಭವೆಂಬ ಭ್ರಮೆ ಬೇಡವೆಂದು ಎಚ್ಚರಿಸಿದವನೂ ಅವನೇ.

ಮದ್ದಿನ ತಾಪತ್ರಯ

ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಇಂಥ ಕೇಸಿನಲ್ಲಿ ಬೇಗ ಉರಿಯುವ ಮದ್ದು ತುಂಬಿದರೆ ಒತ್ತಡ ಮಿತಿ ಮೀರುತ್ತದೆ. ನಿಧಾನಕ್ಕೆ ಉರಿಯುವ ಮದ್ದು ಧಾರಾಳವಾಗಿ ಸಿಕ್ಕಿದ್ದು ಎರಡನೇ ಮಹಾಯುದ್ಧದ ನಂತರ. 20 ಮಿ.ಮೀ. ಫಿರಂಗಿಗೆಂದು ತಯಾರಿಸಿದ್ದ 4831 ಮದ್ದು ಸೈನ್ಯದಲ್ಲಿ ಮಿಕ್ಕಿತ್ತು. ಕ್ಯಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್ ಅದನ್ನು ಕೊಂಡು ಅಗ್ಗಕ್ಕೆ ಮಾರಿದ. ವೈಲ್ಡ್‌ಕ್ಯಾಟುಗಳಿಗೆ ಕೋವಿ ಕೆಲಸದವರಷ್ಟೇ ಈ ವ್ಯಾಪಾರಿಯೂ ತಂದೆ.

ಆಮೇಲೆ ಕಾರ್ಖಾನೆಗಳು ಬಂದವು. ವಿಂಚೆಸ್ಟರ್ 1958ರಲ್ಲಿ .338, 1963ರಲ್ಲಿ ತನ್ನದೇ .300 ಮ್ಯಾಗ್ನಮ್ ಬಿಡುಗಡೆ ಮಾಡಿತು. ಇವುಗಳ ಭುಜ ಚೂಪಾಗಿದೆ, ತೋಟಾವನ್ನು ತಡೆಯಲು ಅದೊಂದೇ ಸಾಕು. ಬುಡದಲ್ಲಿ ಪಟ್ಟಿ ಮಾತ್ರ ಈಗಲೂ ಹಾಗೇ ಇದೆ.