ಪ್ರಜಾಪ್ರತಿನಿಧಿ ಸಭೆಯೂ ನಮ್ಮ ತಾಲ್ಲೂಕುಗಳ ಔಷಧಶಾಲೆಗಳೂ

ಊರಿಗೊಂದು ಔಷಧಶಾಲೆ ಬೇಕೆಂದು ಪ್ರಜೆಗಳು ಸರ್ಕಾರವನ್ನು ಕೇಳಿಕೊಳ್ಳುವುದು ಒಂದು. ಔಷಧಶಾಲೆಯನ್ನು ಎಲ್ಲಿಡಬೇಕು, ಯಾವುದನ್ನು ಮುಚ್ಚಬೇಕು ಎಂದು ಸರ್ಕಾರವೇ ಪ್ರಜೆಗಳನ್ನು ಕೇಳುವುದು ಮತ್ತೊಂದು. ಮೊದಲನೆಯದು ಬಿನ್ನಹ, ಎರಡನೆಯದು ಸಮಾಲೋಚನೆ. ಹಾಸನದ ಸೀಮೆಯಲ್ಲಿ ಬಿನ್ನಹಕ್ಕೆ ನೂರು ವರ್ಷಗಳಿಗೂ ಮಿಗಿಲಾದ ಚರಿತ್ರೆಯುಂಟು. ಸಮಾಲೋಚನೆಗೆ ಎಷ್ಟುಂಟೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

1881ರಲ್ಲಿ ಮೈಸೂರು ಸಂಸ್ಥಾನವು ಶ್ರೀ ಚಾಮರಾಜೇಂದ್ರ ಒಡೆಯರವರ ವಶಕ್ಕೆ ಮರಳಿ ಬಂದಿತಷ್ಟೆ. ಅದೇ ವರ್ಷದ ಅಕ್ಟೋಬರ್ 7ನೆಯ ದಿನ ದಿವಾನ್ ಸಿ. ರಂಗಾಚಾರ್ಲು ಅವರು ದಸರೆಯ ಸಂದರ್ಭದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿದರು. ಅಂದು ನೆರೆದ ಪ್ರತಿನಿಧಿಗಳು 144 ಮಂದಿ. ದಿವಾನರು ವರ್ಷದ ಆದಾಯ ವೆಚ್ಚಗಳನ್ನು ವಿವರಿಸುವರು. ಬಳಿಕ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಳ್ಳುವರು. ಕೆರೆಯ ದುರಸ್ತಿ, ರಸ್ತೆ, ಶಾಲೆ, ಔಷಧಶಾಲೆ ಇವೇ ಬಹುಮಟ್ಟಿಗೆ ಆ ಅಹವಾಲುಗಳ ವಸ್ತು. ಸಭೆಗೆ ನಿರ್ಣಯಿಸುವ ಅಧಿಕಾರವಿರಲಿಲ್ಲ. ಹೇಳಬಹುದಾಗಿತ್ತು, ದಿವಾನರು ಕೇಳಬಹುದಾಗಿತ್ತು, ಅಷ್ಟೇ. ಆದರೂ ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲನೆಯದೆಂಬುದನ್ನು ಮರೆಯಲಾಗದು.

ಆ ಕೇಳುವಿಕೆಯ ಮಿತಿಯು ನಮ್ಮ ಜಿಲ್ಲೆಗೆ ಬಹು ಬೇಗನೆ ಅನುಭವಕ್ಕೆ ಬಂದಿತು. 1882ರಲ್ಲಿ ವೆಚ್ಚವನ್ನು ತಗ್ಗಿಸುವ ಸಲುವಾಗಿ ಹಾಸನವು ಜಿಲ್ಲೆಯ ಪದವಿಯನ್ನೇ ಕಳೆದುಕೊಂಡು ಉಪವಿಭಾಗವಾಯಿತು. 1886ರಲ್ಲಿ ಮತ್ತೆ ಜಿಲ್ಲೆಯಾಯಿತು. ಜಿಲ್ಲೆಯ ಕಚೇರಿ ಹೋದರೆ ಅದರ ನೆರಳಿನಲ್ಲಿರುವ ಆಸ್ಪತ್ರೆ ಮೊದಲಾದುವುಗಳ ಬಲವೂ ಕುಗ್ಗುವುದು ಸಹಜವೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಜನರನ್ನು ಕೇಳದೆ ಮಾಡಿದ ವೈದ್ಯವು ಏನಾಗುವುದೆಂಬುದನ್ನು ಇಡೀ ಸಂಸ್ಥಾನಕ್ಕೆ ಕಲಿಸಿದುದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ 1898ರಲ್ಲಿ ರೈಲು ಹಿಡಿದು ಬೆಂಗಳೂರಿಗೆ ಬಂದಿತು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾದರು. ರೈಲು ಪ್ರಯಾಣಿಕರ ತನಿಖೆ, ರೋಗಿಗಳನ್ನು ಮನೆಯಿಂದ ಬೇರ್ಪಡಿಸಿ ಶಿಬಿರಕ್ಕೆ ಒಯ್ಯುವುದು, ಮನೆಗಳನ್ನು ತೆರವು ಮಾಡಿಸಿ ಮದ್ದು ಹಾಕಿಸುವುದು, ಇವೆಲ್ಲ ನಿಬಂಧನೆಗಳಾದುವು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇವುಗಳಲ್ಲಿ ಕೆಲವು ಅವಶ್ಯವಾಗಿಯೇ ಇದ್ದುವು. ಆದರೆ ಹೆಂಗಸರನ್ನು ಪರಪುರುಷರು ಮುಟ್ಟಿ ನೋಡುವುದು, ತಾಯಿಯಿಂದ ಮಗುವನ್ನು ಅಗಲಿಸುವುದು, ಹೆಣವನ್ನು ಅಧಿಕಾರಿ ಪರೀಕ್ಷಿಸುವವರೆಗೆ ಸಂಸ್ಕಾರವನ್ನು ತಡೆಯುವುದು ಎಂದರೆ ಯಾವ ಮನೆಯವರು ಸಹಿಸಿಯಾರು? ಜನರು ರೋಗಿಗಳನ್ನು ಅಡಗಿಸಿಟ್ಟರು. ಅದೇ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದೊಂಬಿಯೇ ಎದ್ದಿತು. ಅದಕ್ಕೆ ಹಿಂದಿನ ವರ್ಷ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್ ಕೊಲೆಯಾಗಿದ್ದನು. ಬಲಾತ್ಕಾರದಿಂದ ರೋಗವು ಅಡಗುವುದಿಲ್ಲ, ರೋಗಿಯು ಮಾತ್ರ ಅಡಗುತ್ತಾನೆಂದು ಸರ್ಕಾರಗಳಿಗೆ ಆಮೇಲೆ ತಿಳಿಯಿತು, ನಿಬಂಧನೆಗಳು ಸಡಿಲವಾದುವು.

ವಿಚಿತ್ರವೆಂದರೆ, ಬಲಾತ್ಕಾರವು ಹಿಂದೆಗೆದ ಮೇಲೆ ಜನರು ತಾವಾಗಿಯೇ ಆ ಕೆಲಸವನ್ನು ಮಾಡಿದರು. ಇಲಿ ಬಿದ್ದಿತೆಂದರೆ ಸಾಕು, ಊರಿನ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ವಾಡಿಕೆಯಾಯಿತು. ಪ್ಲೇಗಮ್ಮನಿಗೆ ಪೂಜೆಯೂ ಸಂದಿತು, ಊರೂ ಖಾಲಿಯಾಯಿತು. ಶಿಬಿರವೆಂದರೆ ಬೆದರಿದವರು ಗುಡಿಸಲಿಗೆ ಬೆದರಲಿಲ್ಲ. ಎರಡರ ಉದ್ದೇಶವೂ ಒಂದೇ. ನಿಶ್ಚಯಿಸಿದವರು ಮಾತ್ರ ಬೇರೆ.

ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ಶಾಸನಬದ್ಧವಾದ ಆಧಾರ ದೊರೆಯಿತು. ಹೊಸ ತೆರಿಗೆಗಳ ವಿಷಯದಲ್ಲಿಯೂ ಮಸೂದೆಗಳ ಮೂಲತತ್ತ್ವಗಳ ವಿಷಯದಲ್ಲಿಯೂ ಸರ್ಕಾರವು ಸಭೆಯ ಅಭಿಪ್ರಾಯವನ್ನು ಕೇಳಲೇಬೇಕೆಂದಾಯಿತು. ಸಮಾಲೋಚನೆಯೆಂಬ ಮಾತಿಗೆ ನಿಜವಾದ ಅರ್ಥ ಬಂದದ್ದು ಆಗಲೇ ಎನ್ನಬಹುದು. ಆದರೆ ಒಂದು ತಾಲ್ಲೂಕಿನ ಔಷಧಶಾಲೆ ಮಸೂದೆಯೂ ಅಲ್ಲ, ತೆರಿಗೆಯೂ ಅಲ್ಲ. ಅದು ಹಿಂದಿನಂತೆ ಅಹವಾಲಾಗಿಯೇ ಉಳಿಯಿತು. ಮೊದಲ ಸಭೆಗಳಲ್ಲಿ ಕುಳಿತವರು ಭೂಮಿಯುಳ್ಳವರೂ ವರ್ತಕರೂ ಆದ ಪುರುಷರೆಂಬುದನ್ನೂ ಹೇಳಬೇಕು. ಸೂಲಗಿತ್ತಿ ಬೇಕೆಂದು ಯಾರಾದರೂ ಕೇಳಿದರೆ ಹೆರದವರೇ ಕೇಳಬೇಕಾಗಿತ್ತು. ಈ ಕೊರತೆಯನ್ನು ನಮ್ಮ ಹಿರಿಯರು ಸಾಕಷ್ಟು ಗಮನಿಸಲಿಲ್ಲವೆಂದು ನನ್ನ ಅಭಿಪ್ರಾಯ.

1946ರಲ್ಲಿ ಭೋರ್ ಸಮಿತಿಯು ಹಳ್ಳಿಹಳ್ಳಿಗೂ ಊರವರದೇ ಒಂದು ಆರೋಗ್ಯ ಸಮಿತಿ ಇರಬೇಕೆಂದು ಸೂಚಿಸಿತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಮುಗಿಯಿತು. ಭೋರ್ ಸಮಿತಿಯ ಆ ಸೂಚನೆಯನ್ನು ಹೋಲುವ ಗ್ರಾಮಸಮಿತಿಗಳು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದುವು. ನಡುವೆ ಕಳೆದುದು ಸುಮಾರು ಅರುವತ್ತು ವರ್ಷ. ಮರುವರ್ಷ ಹಾಸನದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಸ್ಥಾಪಿತವಾಯಿತು.

ಈಗ ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕವು ಜನಸಂಖ್ಯೆಯದು: ಬಯಲು ಸೀಮೆಯಲ್ಲಿ 30,000 ಜನರಿಗೊಂದು, ಗುಡ್ಡಗಾಡಿನಲ್ಲಿ 20,000 ಜನರಿಗೊಂದು. ಚನ್ನರಾಯಪಟ್ಟಣದ ಬಯಲಿಗೆ ಈ ಲೆಕ್ಕ ಒಗ್ಗುತ್ತದೆ. ಹೇಮಾವತಿಯ ದಡದ ಹೊಳೆನರಸೀಪುರಕ್ಕೆ 1918ರಿಂದ ಹಾಸನಕ್ಕೆ ರೈಲುಂಟು. ಅರಕಲಗೂಡಿಗಾದರೋ ರೈಲಿಲ್ಲ, ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕಾವೇರಿ, ಪಡುವಲಿಗೆ ಮಲೆನಾಡಿನ ಅಂಚು. ಮಳೆಗಾಲದ ರಾತ್ರಿ ಅಲ್ಲಿನ ಗರ್ಭಿಣಿಗೆ ಆಸ್ಪತ್ರೆಯು ಎಷ್ಟು ಗಳಿಗೆಯ ದಾರಿಯೆಂಬುದು ತಲೆಯೆಣಿಕೆಯಿಂದ ತಿಳಿಯುವುದಿಲ್ಲ. ಆ ದಾರಿ ನಡೆದವರನ್ನೇ ಕೇಳಬೇಕು.